ಹಿಂಜಿದ ಮಾತು

ಸುತ್ತೋಲೆಯಲ್ಲಿ ಬಂದ ಚರ್ಚಾಸ್ಪರ್ಧೆಯ ವಿಷಯ: ಸುಸ್ಥಿರ ಅಭಿವೃದ್ಧಿ.
ಏಳನೆಯ ತರಗತಿಯ ಹಿಂದಿನ ಬೆಂಚಿನಿಂದ
ದಾವಲಬಿ ನದಾಫ ಎದ್ದು ಕೇಳಿದಳು:
"ಸುಸ್ಥಿರ ಅಂದ್ರ ಏನ್ರೀ ಟೀಚರ, ಸುಸ್ತಾಗೂದೇನ್ರಿ?"
ಇಡೀ ಬೆಟಗೇರಿ ನಕ್ಕಂತೆ ನಕ್ಕಿತು ಕ್ಲಾಸು.
ನಾನೂ ನಕ್ಕೆ. ನಗು ಮುಗಿದ ಮೇಲೆ
ಸುತ್ತೋಲೆಯ ಮಾತನ್ನೇ ತಿರುಗಿಸಿ ಹೇಳಿದೆ,
ನನಗೂ ಅಷ್ಟೇ ಗೊತ್ತಿತ್ತು.

ಆಕೆ ಬರೆದುಕೊಂಡಳು, ಉರು ಹೊಡೆದಳು.
ಕ್ಲಸ್ಟರ್ ಮಟ್ಟದಲ್ಲಿ ಮೈಕಿನ ಮುಂದೆ
"ನೀರು ಜೀವಜಲ, ಉಳಿಸೋಣ, ಬೆಳೆಸೋಣ" ಎಂದು
ನಾನು ಕಲಿಸಿದಷ್ಟೇ ಎತ್ತರಕ್ಕೆ ಕೈ ಎತ್ತಿದಳು.
ಎದುರು ಬದಿಯ ಗೋವರ್ಧನ ಬಾಕಳೆ
ಒಂದೇ ಒಂದು ಕೇಳಿದ:
"ನಳ ಬಂದ ದಿನ ನಿಮ್ಮ ಮನ್ಯಾಗ
ಹಳೆ ನೀರು ಎಷ್ಟು ಕೊಡ ಚೆಲ್ಲತೀರಿ?"

ಎತ್ತಿದ ಕೈ ಇಳಿಸುವುದೂ ಮರೆತು
ಗಂಟೆ ಬಾರಿಸುವತನಕ ನಿಂತಳು.

ಊರಿಗೆಲ್ಲ ಗೊತ್ತಿರುವ ಸಂಗತಿ.
ಹತ್ತು ದಿನಕ್ಕೊಮ್ಮೆ, ಕೆಲವೊಮ್ಮೆ ಹದಿನೈದಕ್ಕೆ,
ನಳ ಬುಸುಗುಟ್ಟಿದ ಸದ್ದಿಗೆ ಓಣಿಯೆಲ್ಲ ಎದ್ದು
ಮೊದಲು ಮಾಡುವ ಕೆಲಸ ಚೆಲ್ಲುವುದು.
ಕಾದಿಟ್ಟ ನೀರು, ಎಣಿಸಿ ಕುಡಿದ ನೀರು
ಹೊಸದು ಬಂದ ಗಳಿಗೆಗೆ ಹಳಸಿ, ಗಟಾರಕ್ಕೆ.

ಮರುದಿನ ಬರಲಿಲ್ಲ. ಅದರ ಮರುದಿನ ಬಂದಳು.
ಕೈಯಲ್ಲಿ ಹಳೆ ಪ್ರಶ್ನೆಪತ್ರಿಕೆಯ ಬೆನ್ನು,
ತುಂಬ ಪೆನ್ಸಿಲ್ಲಿನ ಗೀಟು.
"ಮನಿ ಮನಿಗೆ ಹೋಗಿ ಕೇಳಿನ್ರಿ.
ನಲವತ್ತೊಂದು ಮನಿ, ಮನಿಗೆ ಆರು ಕೊಡ,
ನಮ್ಮವ್ವಂದೂ ಹಿಡದು."

ತಾಲೂಕಿಗೆ ಹೋದವನು ಗೋವರ್ಧನ.
ನಮಗೆ ಉಳಿದದ್ದು ಮುಂದಿನ ವರ್ಷ.
ಶನಿವಾರ ಶನಿವಾರ ಆಕೆ ಮಾತಾಡುವುದು,
ಗೋವರ್ಧನನಾಗಿ ನಾನು ಅಡ್ಡ ಬೀಳುವುದು,
ಸೋತ ಸಾಲಿಗೆ ಕಾಟು ಹಾಕುವುದು.
'ಜೀವಜಲ' ಮೊದಲ ವಾರವೇ ಹೋಯಿತು.
'ಉಳಿಸೋಣ' ಬಹಳ ದಿನ ಜಗ್ಗಾಡಿ ಹೋಯಿತು.
'ಮಾನ್ಯ ನಿರ್ಣಾಯಕರೇ' ಉಳಿಯಿತು, ತುಸು ಮೆತ್ತಗಾಗಿ.

ಒಂದು ಸಂಜೆ ಅವರ ಮನೆಯ ಮುಂದೆ ಹಾದೆ.
ಅವಳಪ್ಪ ರಾಜೇಸಾಬ ಯಾರದೋ ಗಾದಿ ಬಿಚ್ಚಿ ಕೂತಿದ್ದ.
ಎಷ್ಟೋ ವರ್ಷ ಮೈಭಾರ ಹೊತ್ತು ಕಲ್ಲಾದ ಅರಳೆ.
"ಒಗದ ಬಿಡೂದೇನು ಇದನ್ನ?" ಅಂದೆ.
"ಅರಳಿ ಸಾಯೂದಿಲ್ರಿ ಬಾಯಾರ, ಗಂಟ ಕಟ್ಟತೈತಿ ಅಷ್ಟ.
ಹಿಂಜಿದ್ರ ಧೂಳ ಹೊಕ್ಕೈತಿ, ಪಾವಕಿಲೋ ಕಡಿಮಿ ಆಕ್ಕೈತಿ.
ಉಳದದ್ದು ಹಗರ."
ಮೂಗಿಗೆ ಓಢಣಿ ಕಟ್ಟಿಕೊಂಡು ದಾವಲಬಿ
ಅಪ್ಪನ ಮಗ್ಗುಲಲ್ಲಿ ಗಂಟು ಬಿಡಿಸುತ್ತಿದ್ದಳು.
ಓಢಣಿಯ ಹಿಂದೆ ತುಟಿ ಅಲ್ಲಾಡುತ್ತಿದ್ದವು, ದನಿಯಿಲ್ಲದೆ.

ಮುಂದಿನ ವರ್ಷ ಅದೇ ಸಭಾಗೃಹ, ಅದೇ ಕೊರಕೊರ ಮೈಕು.
ಗೋವರ್ಧನನಿಗೆ ಮೀಸೆ ಚಿಗುರಿತ್ತು, ಪ್ರಶ್ನೆಗೂ ಸಾಣೆ ಹಿಡಿದಿದ್ದ:
"ಹತ್ತು ದಿನ ನಿಂತ ನೀರಾಗ ಹುಳ ಆದ್ರ? ಡೆಂಗಿ ಬಂದ್ರ?
ಚೆಲ್ಲೂದ ಬರೋಬ್ಬರಿ ಅಲ್ಲೇನು?"

ಇದನ್ನು ನಾವು ಯಾವ ಶನಿವಾರವೂ ಆಡಿರಲಿಲ್ಲ.
ದಾವಲಬಿ ಒಂದು ಉಸಿರು ತಡೆದಳು.
"ಎದುರಿನ ಗೆಳೆಯಾ ಹೇಳಿದ್ದು ಖರೇ ಐತಿ.
ನನಗ ಹೊಳದಿರಲಿಲ್ಲ.
ನಮ್ಮವ್ವ ಈಗ ಹಳೆ ನೀರಿಲೆ ಬ್ಯಾರಲ್ ತಿಕ್ಕತಾಳ,
ಅರಿವಿ ಒಗಿತಾಳ, ಕರಿಬೇವಿಗೆ ಹಾಕತಾಳ.
ಆರು ಕೊಡದ್ದು ಒಂದಕ್ಕ ಇಳದೈತಿ.
ಆ ಒಂದು ಏನು ಮಾಡಬೇಕು, ನನಗಿನ್ನೂ ಗೊತ್ತಿಲ್ಲ."

ಎರಡನೆಯ ಸ್ಥಾನ. ಅಂಕಪಟ್ಟಿಯಲ್ಲಿ
ಉಚ್ಚಾರಕ್ಕೆ ಹತ್ತು, ಹಾವಭಾವಕ್ಕೆ ಹತ್ತು.
'ಗೊತ್ತಿಲ್ಲ' ಎಂಬುದಕ್ಕೆ ಕಾಲಮ್ಮು ಇರಲಿಲ್ಲ.
ಬಸ್ಸಿನಲ್ಲಿ ಸರ್ಟಿಫಿಕೇಟಿನ ಸುರುಳಿ ಬಿಚ್ಚಿ ಸುತ್ತುತ್ತ
"ಬರೂ ವರ್ಷ ನಾ ವಿರೋಧ ಮಾತಾಡ್ಲೇನ್ರಿ?" ಅಂದಳು.
ಗೋವರ್ಧನನ ಪ್ರಶ್ನೆಯನ್ನು ಆಗಲೇ ಬೆನ್ನಿಗೆ ಬರೆದಿದ್ದಳು.

ಅವತ್ತೇ ರಾತ್ರಿ, ಎರಡು ಗಂಟೆ ಇರಬೇಕು,
ನಮ್ಮ ಓಣಿಯ ನಳ ಬುಸುಗುಟ್ಟಿತು.
ರೂಢಿಯ ಕೈ ಬ್ಯಾರಲ್ಲನ್ನು ವಾಲಿಸಿಯೇ ಬಿಟ್ಟಿತ್ತು,
ನೆನಪಾಗುವಷ್ಟರಲ್ಲಿ ಅರ್ಧ ಹೋಗಿತ್ತು.
ಉಳಿದರ್ಧಕ್ಕೆ, ಕತ್ತಲಲ್ಲಿ,
ಬಕೀಟು ಹುಡುಕುತ್ತಿದ್ದೇನೆ.